ಸಾಬಣ್ಣನ ಏಕಾಗ್ರತೆ

ಸುರಪುರದ ತಾಲೀಮಿನಲ್ಲಿ ನೋವನ್ನು ಗೆದ್ದವರು ಯಾರು ಎಂದು ರಂಗಂಪೇಟೆಯ ಹಿರಿಯರನ್ನು ಕೇಳಿದರೆ ಅವರು ಇಂದಿಗೂ ಸಾಬಣ್ಣನ ಹೆಸರು ಹೇಳುತ್ತಾರೆ. ಹೇಳುವಾಗ ಕೈ ಮುಗಿಯುವವರೂ ಇದ್ದಾರೆ. ಪಾಪ, ಅವನು ಯಾವ ನೋವನ್ನೂ ಗೆದ್ದಿರಲಿಲ್ಲ, ಅವನಿಗೆ ನಿದ್ದೆ ಬಂದಿತ್ತು ಅಷ್ಟೆ ಎಂದರೆ ಸಿಟ್ಟಾಗುತ್ತಾರೆ. ಸಿಟ್ಟಾಗುವವರು ಆಗಲಿ. ನಡೆದದ್ದು ಮಾತ್ರ ಹೀಗೆ.

ನಮ್ಮ ಸೀಮೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ ಮರುವರ್ಷದ ಬೇಸಿಗೆ ಅದು. ತಹಸೀಲ್ ಕಚೇರಿಯ ಉರ್ದು ದಫ್ತರಗಳೆಲ್ಲ ಗಂಟು ಕಟ್ಟಿಸಿಕೊಂಡು ಅಟ್ಟ ಸೇರಿದ್ದವು. ಮೈಸೂರು ಕಡೆಯಿಂದ ಹೊಸ ತಹಸೀಲ್ದಾರರು ಬಂದಿದ್ದರು. ಸರಕಾರ ಬದಲಾಯಿತು, ಮೊಹರು ಬದಲಾಯಿತು, ಕುರ್ಚಿಯಲ್ಲಿ ಕೂರುವವರು ಬದಲಾದರು. ಬದಲಾಗದೆ ಉಳಿದದ್ದು ಸುರಪುರದ ಬಿಸಿಲು ಮತ್ತು ಆ ಬಿಸಿಲಿಗೆ ಪಂಕಾ ಎಳೆಯುವ ಸಾಬಣ್ಣ.

ಕಚೇರಿಯ ಸೂರಿಗೆ ಜೋಳಿಗೆಯಂತೆ ತೂಗುಬಿಟ್ಟ ಬಟ್ಟೆಯ ಪಂಕಾ ಇತ್ತು. ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಹೊರಗೆ ಬರುತ್ತಿತ್ತು. ಹೊರಗಿನ ಪಡಸಾಲೆಯಲ್ಲಿ ಕೂತು ಸಾಬಣ್ಣ ಆ ಹಗ್ಗವನ್ನು ಬೆಳಗಿನಿಂದ ಸಂಜೆಯವರೆಗೆ ಎಳೆಯಬೇಕು, ಬಿಡಬೇಕು, ಎಳೆಯಬೇಕು, ಬಿಡಬೇಕು. ಗಾಳಿಯೆಲ್ಲ ಒಳಗಿನವರಿಗೆ, ಬೆವರೆಲ್ಲ ಹೊರಗಿನವನಿಗೆ. ಹಗ್ಗ ನಿಂತರೆ ಕಚೇರಿಯ ಹಿರಿಯ ಗುಮಾಸ್ತರಾದ ಪೇಷ್ಕಾರರ ಬಾಯಿ ಶುರುವಾಗುತ್ತಿತ್ತು. ಹೀಗಾಗಿ ಸಾಬಣ್ಣನ ಕೈ ಒಂದು ವಿದ್ಯೆ ಕಲಿತಿತ್ತು. ಕಣ್ಣು ಮುಚ್ಚಿದರೂ ಅದು ಎಳೆಯುವುದನ್ನು ಬಿಡುತ್ತಿರಲಿಲ್ಲ. ಮೂಗೂ ಗೊರಕೆ ಹೊಡೆಯದಷ್ಟು ಜಾಣತನ ಕಲಿತಿತ್ತು. ಆದರೆ ಆ ತೂಕಡಿಕೆ ಎಂಥ ನಿದ್ದೆ? ಊಟದ ವಾಸನೆ ಮೂಸಿದಷ್ಟೇ.

ಇನ್ನು ಮನೆಯಲ್ಲಿ ನಿದ್ದೆಯ ಮಾತೇ ಬೇಡ. ರಂಗಂಪೇಟೆಯಲ್ಲಿ ಅವನದು ಒಂದೇ ಕೋಣೆಯ ಮನೆ. ಹೆಂಡತಿ ರೇಣಮ್ಮ ಅವಳಿ ಜವಳಿ ಹೆತ್ತಿದ್ದಳು. ಒಂದು ಕೂಸು ಮಲಗಿದರೆ ಇನ್ನೊಂದು ಅಳುತ್ತಿತ್ತು, ಎರಡೂ ಮಲಗಿದರೆ ತೋಳಕ್ಕೆ ಹೆದರಿ ಒಳಗೆ ಕಟ್ಟಿಕೊಂಡಿದ್ದ ಕುರಿಮರಿಗಳು ಒದರುತ್ತಿದ್ದವು. ಮರಿಗಳೂ ಸುಮ್ಮನಾದರೆ, ಬಾಣಂತನಕ್ಕೆಂದು ಬಂದು ಹೋಗುವುದನ್ನೇ ಮರೆತಿದ್ದ ಅತ್ತೆ ಸಾಯಬಮ್ಮ ತನ್ನ ಊರಿನ ಸುದ್ದಿ ತೆಗೆಯುತ್ತಿದ್ದಳು. ಮನುಷ್ಯ ನಿದ್ದೆ ಇಲ್ಲದೆ ಎಷ್ಟು ದಿನ ಬದುಕಬಹುದು ಎಂದು ಯಾರಾದರೂ ಪರೀಕ್ಷೆ ಮಾಡಬೇಕೆಂದಿದ್ದರೆ ಸಾಬಣ್ಣನ ಮನೆಗೆ ಬರಬಹುದಿತ್ತು.

ಹೀಗಿರುವಾಗ ಒಂದು ಸಂಜೆ, ಕಚೇರಿಯಿಂದ ಮನೆಗೆ ಹೊರಟವನಿಗೆ ದಾರಿಯಲ್ಲಿ ಭಾಗಣ್ಣ ವಸ್ತಾದನ ತಾಲೀಮು ಮನೆಯ ಬಾಗಿಲು ತೆರೆದು ಬಿದ್ದಿದ್ದು ಕಂಡಿತು. ಕುಸ್ತಿ, ಸಾಮು ಕಲಿಸುವ ಹಳೆಯ ಗರಡಿ ಅದು. ಮೊಳ ಮೊಳ ದಪ್ಪದ ಗೋಡೆ, ಕಿಟಕಿ ಇಲ್ಲ, ತಲೆ ಬಗ್ಗಿಸಿ ಹೋಗುವ ಗಿಡ್ಡ ಬಾಗಿಲು. ಒಳಗಿನಿಂದ ತಣ್ಣನೆಯ ಗಾಳಿ ಬಂದು ಅವನ ಮುಖಕ್ಕೆ ತಾಗಿತು. ಎದುರು ಗೋಡೆಯ ಗೂಡಿನಲ್ಲಿ ಹಣಮಪ್ಪ ದೇವರು, ನಡುವೆ ಕೆಮ್ಮಣ್ಣಿನ ಕುಣಿ. ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಣ್ಣು. ಒಂದು ಕೂಸಿಲ್ಲ, ಒಂದು ಮರಿಯಿಲ್ಲ, ಹೆಂಗಸರು ಕಾಲಿಡದ ಜಾಗವಾದ್ದರಿಂದ ಅತ್ತೆಯೂ ಇಲ್ಲ. ಒಂದು ಗಳಿಗೆ ಕೂತು ಹೋಗೋಣ ಎಂದು ಸಾಬಣ್ಣ ಕೂತ. ಕೂತವನು ರುಮಾಲು ತಲೆದಿಂಬು ಮಾಡಿಕೊಂಡ. ಆಮೇಲೆ ಏನಾಯಿತೋ ಅವನಿಗೆ ಗೊತ್ತಿಲ್ಲ.

"ಯಾರಪಾ ಅದು, ಹಣಮಪ್ಪನ ಮುಂದ ಬಿದ್ದಾಂವ?"

ಸಾಬಣ್ಣ ದಡಕ್ಕನೆ ಎದ್ದ. ಎದುರಿಗೆ ಭಾಗಣ್ಣ ವಸ್ತಾದ, ಬಿಳಿ ಮೀಸೆ, ಕೈಯಲ್ಲಿ ದೀಪದ ಎಣ್ಣೆ. ಸುಸ್ತಾಗಿತ್ತು, ಮಲಗಿದೆ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಎರಡು ಮಕ್ಕಳ ತಂದೆ, ಸರಕಾರಿ ನೌಕರ, ದೇವರ ಮುಂದೆ ಕಾಲು ಚಾಚಿ ಮಲಗಿದ್ದೆ ಎಂದು ಹೇಳುವುದು ಹೇಗೆ?

"ಸಾಮು ಕಲೀಬೇಕಂತ ಬಂದೀನ್ರಿ, ವಸ್ತಾದ್ರ."

"ಈ ವಯಸ್ಸಿನ್ಯಾಗ?"

"ಮನಸ್ಸಾತ್ರಿ."

ವಸ್ತಾದನ ಕಣ್ಣು ಒದ್ದೆಯಾಯಿತು. ಒಂದು ಕಾಲಕ್ಕೆ ಆ ಕುಣಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಊರ ಹುಡುಗರು ಹೊಸ ಸರಕಾರದ ನೌಕರಿಗೆ ಅರ್ಜಿ ಬರೆಯುವುದರಲ್ಲಿ, ಹೋಟೆಲಿನ ರೇಡಿಯೋ ಕೇಳುವುದರಲ್ಲಿ ಮುಳುಗಿದ್ದರು. ಉಳಿದಿದ್ದವರು ನಾಲ್ಕಾರು ಮಂದಿ, ಅವರಲ್ಲಿ ಗಟ್ಟಿಯವನು ದುರಗಪ್ಪನೊಬ್ಬನೇ.

"ಮನಸ್ಸು!" ಎಂದ ವಸ್ತಾದ. "ಈಗಿನವ್ರಿಗಿ ಮೈ ಅದ, ಮನಸ್ಸಿಲ್ಲ. ನಿನಗ ಮೈ ಇಲ್ಲ, ಮನಸ್ಸದ. ನಾಳಿಗಿ ಲಂಗೋಟಿ ತಗೊಂಡು ಬಾ."

ಮರುದಿನ ಸಾಬಣ್ಣ ಲಂಗೋಟಿ ಕಟ್ಟಿ ನಿಂತಾಗ ಮೈ ಇಲ್ಲ ಎಂಬ ಮಾತು ಎಷ್ಟು ನಿಜ ಎಂದು ಎಲ್ಲರಿಗೂ ತಿಳಿಯಿತು. ಬೈಠಕ ಹೊಡಿ ಎಂದರೆ ಕೂತ, ಏಳಲಿಲ್ಲ. ದಂಡ ಹೊಡಿ ಎಂದರೆ ಬೋರಲು ಬಿದ್ದ, ಅಲ್ಲೇ ಉಳಿದ. ವಸ್ತಾದ ಬೇಸರಪಡಲಿಲ್ಲ. ಮೈಯ ಪಾಠ ಆಮೇಲೆ, ಮೊದಲು ಮನಸ್ಸಿನ ಪಾಠ ಎಂದು ಅವನನ್ನು ಕುಣಿಯಲ್ಲಿ ಅಂಗಾತ ಮಲಗಿಸಿದ. ಗೂಡಿನಲ್ಲಿದ್ದ ಹಣಮಪ್ಪನ ದೀಪದ ಮೇಲೆ ದೃಷ್ಟಿ ಇಡಬೇಕು, ದುರಗಪ್ಪ ಬೇವಿನ ಕೋಲಿನಿಂದ ತೊಡೆಗೆ ಹೊಡೆಯುತ್ತಾನೆ, ಮನಸ್ಸು ದೀಪ ಬಿಟ್ಟು ಅಲುಗಬಾರದು. ಅದು ಆ ತಾಲೀಮಿನ ಪದ್ಧತಿ.

"ನೋವು ಅಂಬೋದು ಬಾಗಲಿಗಿ ಬಂದ ಬೀಗರಿದ್ದಂಗ," ಎಂದು ವಸ್ತಾದ ಶುರುಮಾಡಿದ. "ಬರ್ರಿ ಅಂದ್ರ ಒಳಗ ಬಂದು ಕುಂಡ್ರತದ. ಮನ್ಯಾಗ ಯಾರೂ ಇಲ್ಲಂದ್ರ ತಾನ ಹೊಳ್ಳಿ ಹೋಗ್ತದ. ನಮ್ಮ ಗುರುಗಳು ಒಮ್ಮಿ ಶಹಾಪುರಕ್ಕ ಹೋದಾಗ ಏನಾತಂದ್ರ..."

ಗುರುಗಳು ಶಹಾಪುರಕ್ಕೆ ಹೋದರು, ಅಲ್ಲಿ ಯಾರೋ ಪೈಲವಾನ ಸಿಕ್ಕ, ಅವನ ಅಪ್ಪನ ಸುದ್ದಿ ಬಂತು, ಅಪ್ಪನ ಎಮ್ಮೆಯ ಸುದ್ದಿ ಬಂತು. ಎಮ್ಮೆ ಈಯುವ ಹೊತ್ತಿಗೆ ಸಾಬಣ್ಣ ಮನೆಯಲ್ಲಿ ಇರಲಿಲ್ಲ. ರೆಪ್ಪೆ ಅರ್ಧ ತೆರೆದುಕೊಂಡೇ ನಿದ್ದೆಯ ಏಳನೇ ಕೋಣೆ ಸೇರಿದ್ದ.

"ಹೊಡಿ," ಎಂದ ವಸ್ತಾದ.

ದುರಗಪ್ಪ ಹೊಡೆದ. ಸಾಬಣ್ಣ ಮಿಸುಕಲಿಲ್ಲ. ದುರಗಪ್ಪ ಜೋರಾಗಿ ಹೊಡೆದ. ಸಾಬಣ್ಣನ ಮುಖದಲ್ಲಿ ಸಣ್ಣ ನಗು ಬಂತು. ಅವನಿಗೆ ಯಾವ ಕನಸು ಬಿದ್ದಿತ್ತೋ. ದುರಗಪ್ಪ ಕೋಲು ಮುರಿಯುವಂತೆ ಬಾರಿಸಿದ. ಆಗ ಸಾಬಣ್ಣನ ಬಲಗೈ ಮೆಲ್ಲಗೆ ಎದ್ದು, ಇಲ್ಲದ ಹಗ್ಗವನ್ನು ಹಿಡಿದು, ಎಳೆಯಿತು, ಬಿಟ್ಟಿತು, ಎಳೆಯಿತು, ಬಿಟ್ಟಿತು.

"ವಸ್ತಾದ್ರ," ದುರಗಪ್ಪ ಕೋಲು ಕೆಳಗಿಟ್ಟ, "ಇಂವ ಏನು ಮಾಡಾಕತ್ತಾನ್ರಿ?"

"ಸುಮ್ಮನಿರು ಹುಚ್ಚಾ," ವಸ್ತಾದ ಪಿಸುಗುಟ್ಟಿದ. "ಉಸಿರು ಎಳಿಯಾಕತ್ತಾನ. ನಮ್ಮ ಗುರುಗಳು ಹೇಳಿದ್ರು, ಖರೇ ಸಾಧಕನ ಕೈ ತಾನ ಆಡ್ತದಂತ. ನಾ ಈ ಜನ್ಮದಾಗ ನೋಡಿದ್ದಿಲ್ಲ."

ನೀರು ಚಿಮುಕಿಸಿ ಎಬ್ಬಿಸಿದಾಗ ಸಾಬಣ್ಣ ಕಣ್ಣು ಬಿಟ್ಟು ನೋಡಿದರೆ ನಾಲ್ಕಾರು ಮಂದಿ ಲಂಗೋಟಿಯಲ್ಲಿ ಅವನಿಗೆ ಕೈ ಮುಗಿದು ನಿಂತಿದ್ದರು. ಅವನಿಗೆ ಏನೂ ತಿಳಿಯಲಿಲ್ಲ. ಒಳ್ಳೆಯ ನಿದ್ದೆಯಾಗಿತ್ತು ಎಂಬುದಷ್ಟೇ ತಿಳಿಯಿತು. ತೊಡೆಯ ಉರಿ ತಿಳಿದದ್ದು ಮನೆಯ ದಾರಿಯಲ್ಲಿ. ಬಾಗಿಲಿನಿಂದ ಹೊಳ್ಳಿ ಹೋಗಬೇಕಿದ್ದ ಬೀಗರು ಓಣಿಯ ತಿರುವಿನಲ್ಲಿ ಅವನಿಗಾಗಿ ಕಾಯುತ್ತಿದ್ದರು.

"ಯಾರ ಕೂಡ ಜಗಳಾಡಿ ಬಂದ್ರಿ?" ಬಾಸುಂಡೆ ನೋಡಿ ರೇಣಮ್ಮ ಕೇಳಿದಳು. ಅವಳ ಒಂದು ಬಗಲಲ್ಲಿ ಒಂದು ಕೂಸು, ಕಾಲ ಮೇಲೆ ಇನ್ನೊಂದು.

"ಜಗಳಲ್ಲ. ಸಾಮು ಕಲಿಯಾಕತ್ತೀನಿ."

"ಮನ್ಯಾಗ ಇಷ್ಟು ಕೆಲಸ ಇಟ್ಗೊಂಡು ಪುಕ್ಕಟ ಏಟು ತಿನ್ನಾಕ ಹೋಗ್ತೀರೇನು?" ಎಂದಳು. ಆಮೇಲೆ ಅವನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. ಏಟು ತಿಂದು ಬಂದವನ ಮುಖ ಯಾಕೋ ಹಬ್ಬದ ದಿನ ಎರೆದುಕೊಂಡವನ ಹಾಗೆ ತಿಳಿಯಾಗಿತ್ತು. ಕೂಸು ಅತ್ತಿತು, ಅವಳು ಮುಂದೆ ಕೇಳಲಿಲ್ಲ.

ಸಾಬಣ್ಣ ಯೋಚನೆ ಮಾಡಿದ. ಬಾಸುಂಡೆ ಒಂದು ಕಡೆ, ನಿದ್ದೆ ಒಂದು ಕಡೆ. ನಿದ್ದೆಯೇ ತೂಕವಾಗಿ ಕಂಡಿತು. ದಿನಾ ಸಂಜೆ ತಾಲೀಮಿಗೆ ಹೋಗತೊಡಗಿದ. ಇಡೀ ದಿನದಲ್ಲಿ ಅವನದು ಎಂದು ಇದ್ದದ್ದು ಆ ಒಂದು ತಾಸು. ಅದಕ್ಕಾಗಿ ಅವನು ಏನು ಬೇಕಾದರೂ ತಿನ್ನಲು ತಯಾರಿದ್ದ.

ಸುದ್ದಿ ಮಾತ್ರ ನಿದ್ದೆ ಮಾಡಲಿಲ್ಲ. ತಾಲೀಮಿನ ಹುಡುಗರು ಹೋಟೆಲಿನಲ್ಲಿ ಕೂತು ಗಾಳಿಯಲ್ಲಿ ಕೈ ಎಳೆದು ಬಿಟ್ಟು ಅಭ್ಯಾಸ ಮಾಡುವುದನ್ನು ಊರು ನೋಡಿತು. ಸಾಬಣ್ಣನಿಗೆ ನೋವೇ ಆಗುವುದಿಲ್ಲವಂತೆ ಎಂಬ ಮಾತು ರಂಗಂಪೇಟೆಯ ಮಗ್ಗದ ಮನೆಗಳನ್ನೆಲ್ಲ ಸುತ್ತಿ, ಪಕ್ಕದ ಮನೆಯ ಜಹೀರುನ್ನೀಸಾಳ ಕಿವಿಗೆ ಬಿತ್ತು. ಆಕೆ ಬಳೆ ಇಡಿಸುವವಳು. ಎಂಥ ದಪ್ಪ ಕೈಯಾದರೂ ಹಿಚುಕಿ, ಮೂಳೆ ಮಡಚಿ, ಮದುಮಗಳಿಗೆ ಬಳೆ ಏರಿಸಿಯೇ ಬಿಡುವ ಹೆಂಗಸು. ಆಕೆಯ ಮುಂದೆ ಅತ್ತಿರದ ಕೈ ಊರಲ್ಲಿ ಇರಲಿಲ್ಲ.

"ಸಾಬಣ್ಣ ಭಾಯಿ, ಖರೇ ಏನು ಸುಳ್ಳು ಏನು, ನೋಡೇ ಬಿಡ್ತೀನಿ," ಎಂದು ಆಕೆ ಒಂದು ಬೆಳಿಗ್ಗೆ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಹಿಂಡಿದಳು.

ಸಾಬಣ್ಣ ಆಗ ಎಚ್ಚರವಾಗಿದ್ದ. ಅದೇ ಅವನ ದುರ್ದೈವ. ಬೆರಳುಗಳು ಲಟಲಟ ಎಂದವು, ಕಣ್ಣ ಮುಂದೆ ಹಗಲಲ್ಲೇ ಚುಕ್ಕಿ ಮೂಡಿದವು. ಚೀರಿದರೆ ಸುದ್ದಿ ವಸ್ತಾದನಿಗೆ ಮುಟ್ಟುತ್ತದೆ. ವಸ್ತಾದನಿಗೆ ಮುಟ್ಟಿದರೆ ಆ ತಾಸು ಹೋಗುತ್ತದೆ.

"ಹಿತ ಆಗ್ತದ್ರಿ," ಎಂದ.

"ಯಾ ಅಲ್ಲಾ!" ಜಹೀರುನ್ನೀಸಾ ಕೈ ಬಿಟ್ಟು ಹಿಂದೆ ಸರಿದಳು. "ಸಾಯಬಮ್ಮ ಅಕ್ಕಾ, ನಿಮ್ಮ ಅಳಿಯ ಮನಷ್ಯಾ ಅಲ್ಲ!"

"ನಾ ಮೊದಲ ದಿನಾನ ಹೇಳಿದ್ದೆ," ಎಂದಳು ಸಾಯಬಮ್ಮ ಒಳಗಿನಿಂದ. ಆ ಹೊತ್ತಿನಿಂದ ಆಕೆಯ ಲೆಕ್ಕಾಚಾರ ಬದಲಾಯಿತು. ನೋವಾಗದ ಮನುಷ್ಯನಿಗೆ ಒಂದು ಕೊಡ ನೀರು ಹೊರಿಸುವುದು ಯಾಕೆ, ಎರಡು ಹೊರಿಸಬಹುದಲ್ಲ? ಜಾಲಿಯ ಮುಳ್ಳು ತರಲು ಚಪ್ಪಲಿ ಯಾಕೆ ಬೇಕು? ಕುರಿ ಹಟ್ಟಿಗೆ ಬೇಲಿ ಕಟ್ಟುವ ಕೆಲಸ ಎಷ್ಟೋ ದಿನದಿಂದ ಉಳಿದಿತ್ತು. "ಅಳಿಯಂದ್ರಿಗಿ ಏನೂ ಆಗಲ್ಲ, ಅವ್ರ ಕೈಲೆ ಮಾಡಸ್ರಿ," ಎಂದು ಆಕೆ ಓಣಿಯವರ ಕೆಲಸಕ್ಕೂ ಅವನನ್ನು ಕಳಿಸತೊಡಗಿದಳು. ಕ್ಷೌರಿಕ ಅವನ ಗಡ್ಡಕ್ಕೆ ನೀರು ಹಚ್ಚುವುದನ್ನು ನಿಲ್ಲಿಸಿದ, ನೋವಿಲ್ಲದ ಮುಖಕ್ಕೆ ನೀರು ದಂಡ ಎಂದು. ಹಾದಿಯಲ್ಲಿ ಹೋಗುವವರು ಸುಮ್ಮನೆ ಒಮ್ಮೆ ಚಿವುಟಿ ಮುಂದೆ ಹೋಗುತ್ತಿದ್ದರು. ಸಾಬಣ್ಣ ಎಲ್ಲರಿಗೂ ಹಿತವಾಯಿತು ಎಂದು ಹೇಳಿ ಹೇಳಿ ಸೋತುಹೋದ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬಿತ್ತು. ಅವನ ಸಾಧನೆ ನೋಡಲು ಜನ ತಾಲೀಮಿಗೇ ಬರತೊಡಗಿದರು. ಅಷ್ಟು ಮಂದಿ ಕಣ್ಣು ಬಿಟ್ಟುಕೊಂಡು ತಲೆಯ ಮೇಲೆ ನಿಂತರೆ ಯಾರಿಗೆ ನಿದ್ದೆ ಬಂದೀತು? ಮೊದಲ ಬಾರಿ ಅವನು ಎಚ್ಚರದಲ್ಲಿ ಬೇವಿನ ಕೋಲಿನ ರುಚಿ ನೋಡಿದ. ದೀಪದ ಮೇಲೆ ಮನಸ್ಸಿಟ್ಟ. ಮನಸ್ಸು ದೀಪಕ್ಕೆ ಹೋಯಿತು, ಅಲ್ಲಿಂದ ತೊಡೆಗೆ ಓಡಿ ಬಂತು. ಹಲ್ಲು ಕಚ್ಚಿ ಹಿಡಿದುಕೊಂಡ. ಮನೆಯಲ್ಲೂ ನಿದ್ದೆ ಇಲ್ಲ, ಇಲ್ಲೂ ಇಲ್ಲ, ಮೇಲೆ ಏಟು. ಆ ದಿನ ಜನ ಹೋದ ಮೇಲೆ ಅವನು ವಸ್ತಾದನ ಕಾಲು ಹಿಡಿದ.

"ವಸ್ತಾದ್ರ, ನನ್ನ ಬಿಟ್ಟುಬಿಡ್ರಿ. ನನಗ ಏನೂ ಬರಲ್ಲ. ಸಾಧನಿ ಇಲ್ಲ, ಏನಿಲ್ಲ. ನಾ ಬರೇ ನಿದ್ದಿ ಮಾಡ್ತಿದ್ದೆ."

ವಸ್ತಾದ ಅವನನ್ನು ಎಬ್ಬಿಸಿ ಎದೆಗೆ ಅಪ್ಪಿಕೊಂಡ. "ಕೇಳಿದ್ರೇನೋ ಹುಡುಗರ್ಯಾ? ನನಗ ಏನೂ ಬರಲ್ಲ ಅಂತಾನ. ದೊಡ್ಡವರ ಬಾಯಾಗ ಬರೋ ಮಾತು ಇದು! ಸಮಾಧಿಗಿ ನಿದ್ದಿ ಅಂತ ಹೆಸರಿಟ್ಟಾನ!"

ದುರಗಪ್ಪ ಅತ್ತೇಬಿಟ್ಟ.

ಸುದ್ದಿ ತಹಸೀಲ್ದಾರರಿಗೂ ಹೋಯಿತು. ಅವರು ಪಡಸಾಲೆಗೆ ಬಂದು ಹಗ್ಗ ಎಳೆಯುತ್ತಿದ್ದವನನ್ನು ಹೊಸದಾಗಿ ನೋಡಿದರು.

"ಏನಯ್ಯ ಸಾಬಣ್ಣ, ನಮ್ಮ ಕಚೇರಿಯಲ್ಲೇ ಇಂಥ ಸಾಧಕ ಇದ್ದಾನೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ! ಬರೋ ಸೋಮವಾರ ಯಾದಗಿರಿಯಿಂದ ದೊಡ್ಡ ಸಾಹೇಬರು ಬರುತ್ತಿದ್ದಾರೆ. ಏಕೀಕರಣದ ಬಗ್ಗೆ ಅವರದೊಂದು ಭಾಷಣ. ಆಮೇಲೆ ನಿನ್ನ ಪ್ರದರ್ಶನ. ನಿಮ್ಮ ಸೀಮೆಯ ಶೌರ್ಯ ಅವರಿಗೆ ಗೊತ್ತಾಗಬೇಕು."

"ಹುಜೂರ್, ಎದಿ ಮ್ಯಾಲ ಪರಸಿ ಕಲ್ಲಿಟ್ಟು ಸುತ್ತಿಗಿಲೆ ಒಡಸೋಣ್ರಿ," ಎಂದರು ಪೇಷ್ಕಾರರು. ಸಾಬಣ್ಣನ ಮೇಲೆ ಅವರಿಗೆ ಹಳೆಯ ಸಿಟ್ಟಿತ್ತು. "ನಮ್ಮ ಆದ್ಮಿಗಿ ಏನೂ ಆಗಲ್ರಿ."

ಸಾಬಣ್ಣನ ಕೈಯಲ್ಲಿ ಹಗ್ಗ ನಿಂತಿತು. ಪೇಷ್ಕಾರರು ಬೈದರು. ಹಗ್ಗ ಮತ್ತೆ ಆಡಿತು.

ಸೋಮವಾರ ಬಂತು. ತಾಲೀಮಿನ ಮುಂದಿನ ಬಯಲಿನಲ್ಲಿ ಚಪ್ಪರ, ಚಪ್ಪರದ ಕೆಳಗೆ ಕುರ್ಚಿಗಳು, ಕುರ್ಚಿಗಳ ಸುತ್ತ ಸುರಪುರ, ರಂಗಂಪೇಟೆ ಎರಡೂ ಸೇರಿದ ಜನ. ನಡುವೆ ಕೆಮ್ಮಣ್ಣು ಹರಡಿ ಸಾಬಣ್ಣನನ್ನು ಅಂಗಾತ ಮಲಗಿಸಿದರು. ಎದೆಯ ಮೇಲೆ ಮಡಚಿದ ಕಂಬಳಿ, ಅದರ ಮೇಲೆ ನೆಲಕ್ಕೆ ಹಾಸುವಂಥ ಪರಸಿ ಕಲ್ಲು. ಪಕ್ಕದಲ್ಲಿ ಸುತ್ತಿಗೆ ಹೊತ್ತ ದುರಗಪ್ಪ. ಭಾಗಣ್ಣ ವಸ್ತಾದ ಹೊಸ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ ನಿಂತಿದ್ದ. ಇಷ್ಟು ಜನರನ್ನು ತನ್ನ ತಾಲೀಮಿನ ಮುಂದೆ ಅವನು ನೋಡಿ ಎಷ್ಟೋ ವರ್ಷವಾಗಿತ್ತು. ಅವನ ಮುಖ ನೋಡಿ ಸಾಬಣ್ಣನಿಗೆ ಎದ್ದು ಓಡುವ ಧೈರ್ಯವೂ ಬರಲಿಲ್ಲ. ಕಲ್ಲು ಬೇರೆ ಭಾರವಿತ್ತು.

ಚೀರಿದರೆ ಮುದುಕನ ಮಾನ ಹೋಗುತ್ತದೆ. ಚೀರದೆ ಇರುವುದು ತನ್ನಿಂದ ಆಗುವುದಿಲ್ಲ. ಹಣಮಪ್ಪಾ, ಒಂದು ಜೊಂಪು ಕೊಡು ಎಂದು ಅವನು ಬೇಡಿಕೊಂಡ. ಆದರೆ ಭಯಕ್ಕೆ ಕಣ್ಣು ಬಟ್ಟಲಿನಂತೆ ತೆರೆದುಕೊಂಡವು.

ದೊಡ್ಡ ಸಾಹೇಬರು ಎದ್ದು ನಿಂತರು. "ಮಹನೀಯರೇ, ಮಹಿಳೆಯರೇ, ಈ ಶುಭ ಸಂದರ್ಭದಲ್ಲಿ ನಾನು ಹೆಚ್ಚು ಮಾತನಾಡುವುದಿಲ್ಲ," ಎಂದರು.

ಹಣಮಪ್ಪ ಕೇಳಿಸಿಕೊಂಡಿದ್ದ.

ಸಾಹೇಬರು ಪುರಾತನ ಕಾಲದಿಂದ ಆರಂಭಿಸಿದರು. ಒಬ್ಬ ರಾಜನಿಂದ ಇನ್ನೊಬ್ಬ ರಾಜನಿಗೆ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ರಾಜರು ಮುಗಿದ ಮೇಲೆ ನದಿಗಳು ಬಂದವು. ನದಿಗಳ ನಡುವೆ ಎಲ್ಲೋ ಸಾಬಣ್ಣನ ರೆಪ್ಪೆ ಇಳಿಯಿತು. ನೀರಾವರಿಯ ಹೊತ್ತಿಗೆ ಅವನ ಬಲಗೈ ಕಲ್ಲಿನ ಪಕ್ಕದಿಂದ ಮೆಲ್ಲಗೆ ಎದ್ದು, ಎಳೆಯಿತು, ಬಿಟ್ಟಿತು. ಎದುರಿಗೆ ಕೂತ ತಹಸೀಲ್ದಾರರು ಆ ಕೈಯನ್ನೇ ನೋಡುತ್ತಿದ್ದರು. ಇಡೀ ಬೇಸಿಗೆ ಆ ಕೈ ಆಡಿದಾಗಲೆಲ್ಲ ಅವರ ಮೈಗೆ ತಂಗಾಳಿ ಬಂದಿತ್ತು. ಮೈ ರೂಢಿ ಬಿಡುತ್ತದೆಯೇ? ಅವರ ತಲೆ ಎದೆಗೆ ವಾಲಿತು. ಅವರನ್ನು ನೋಡಿ ಪೇಷ್ಕಾರರು, ಪೇಷ್ಕಾರರನ್ನು ನೋಡಿ ಗುಮಾಸ್ತರು. ಕೈಗಾರಿಕೆ ಬರುವಾಗ ಚಪ್ಪರದಲ್ಲಿ ಎಚ್ಚರವಿದ್ದವರು ಸಾಹೇಬರು, ಕಾಲು ಬದಲಿಸುತ್ತ ಸುತ್ತಿಗೆ ಹೊತ್ತು ನಿಂತ ದುರಗಪ್ಪ ಮತ್ತು ವಸ್ತಾದ.

"ಜೈ ಕರ್ನಾಟಕ," ಎಂದು ಸಾಹೇಬರು ಕೂತರು. ಎಲ್ಲರೂ ಬೆಚ್ಚಿ ಎದ್ದು ಚಪ್ಪಾಳೆ ತಟ್ಟಿದರು.

ದುರಗಪ್ಪ ಹಣಮಪ್ಪನನ್ನು ನೆನೆದು ಸುತ್ತಿಗೆ ಬೀಸಿದ. ಪರಸಿ ಕಲ್ಲು ಸೀಳಿ ಎರಡು ಕಡೆಗೆ ಬಿತ್ತು. ಜನ ಉಸಿರು ಹಿಡಿದು ನೋಡಿದರು. ಸಾಬಣ್ಣ ಬಾಯಿ ಚಪ್ಪರಿಸಿ, ಮಗ್ಗುಲಾಗಿ, ಮಂಡಿ ಹೊಟ್ಟೆಗೆ ಎಳೆದುಕೊಂಡ.

ವಸ್ತಾದನ ಹೆಸರು ಹಿಡಿದು ಜನ ಜೈ ಎಂದು ಕೂಗಿದರು. ಆ ಕೂಗಿಗೂ ಸಾಬಣ್ಣ ಏಳಲಿಲ್ಲ. ನೀರು ಹಾಕಿದರು, ಏಳಲಿಲ್ಲ. ಎಷ್ಟೋ ದಿನದ ನಿದ್ದೆ ಒಟ್ಟಿಗೆ ಬಂದು ಅವನನ್ನು ಹೊತ್ತುಕೊಂಡು ಹೋಗಿತ್ತು. ಮೊದಲು ಸಂತೋಷಪಟ್ಟವರು ಆಮೇಲೆ ಗಾಬರಿಯಾದರು. ಹೋಗಿಬಿಟ್ಟಾನ ಎಂದರು ಕೆಲವರು. ಇಲ್ಲ, ಸಮಾಧಿ ಎಂದರು ಕೆಲವರು. ಒಬ್ಬರು ಕಾಯಿ ತರಲು ಓಡಿದರು. ತಹಸೀಲ್ದಾರರ ಬಣ್ಣ ಇಳಿಯಿತು. "ಪೇಷ್ಕಾರರೇ, ಕಲ್ಲಿನ ಸಲಹೆ ನಿಮ್ಮದಲ್ಲವೇ?" ಎಂದರು. "ಹುಕುಂ ತಮ್ಮದ್ರಿ, ಹುಜೂರ್," ಎಂದರು ಪೇಷ್ಕಾರರು.

ಅಷ್ಟರಲ್ಲಿ ಯಾರೋ ಹೇಳಿ ರೇಣಮ್ಮ ಓಡಿಬಂದಳು. ಎರಡೂ ಬಗಲಲ್ಲಿ ಕೂಸುಗಳು, ಕೆದರಿದ ತಲೆ, ಒಂದು ಕೈಗೆ ಹಿಟ್ಟು. ಜನ ದಾರಿ ಬಿಟ್ಟರು. ಅವಳು ಹೆದರಿಕೊಂಡೇ ಬಂದಿದ್ದಳು. ಗಂಡನ ಮುಖ ಕಂಡಿದ್ದೇ ಅವಳ ಹೆದರಿಕೆ ಹೋಯಿತು. ಆ ಮುಖ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಕಾಲದಲ್ಲಿ, ನೋಡಿದ್ದಳು.

ಅವಳು ಬಗ್ಗಿ ಒಂದು ಕೂಸನ್ನು ಅವನ ಪಕ್ಕದಲ್ಲಿ ಇಟ್ಟಳು. ಅದು ಕಿಟಾರನೆ ಅತ್ತಿತು. ಸುತ್ತಿಗೆಗೆ ಏಳದವನು ದಡಕ್ಕನೆ ಎದ್ದು ಕೂತು, ಕಣ್ಣು ಮುಚ್ಚಿಕೊಂಡೇ ಎರಡೂ ಕೈ ಚಾಚಿದ. "ಕೊಡು, ಕೊಡು, ನಾ ತೂಗ್ತೀನಿ. ನೀ ಮಲಗು."

"ಏನವ್ವಾ, ಮನೆಯಲ್ಲೂ ಹೀಗೇ ಸಾಧನೆ ಮಾಡುತ್ತಾನೋ?" ದೊಡ್ಡ ಸಾಹೇಬರು ಕೇಳಿದರು.

ಇಡೀ ಊರು ರೇಣಮ್ಮನ ಬಾಯಿ ನೋಡಿತು. ಸಾಬಣ್ಣ ಈಗ ಕಣ್ಣು ಬಿಟ್ಟ. ಅವಳು ವಸ್ತಾದನ ಕಡೆ ನೋಡಿದಳು. ಮುದುಕ ಹೊಸ ರುಮಾಲಿನ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಮನ್ಯಾಗ ಎಲ್ಲಿ ಆಗ್ತದ್ರಿ," ಎಂದಳು. "ಅದಕ್ಕ ವಸ್ತಾದರಂಥ ಗುರುಗಳು ಬೇಕು."

ಮನೆಗೆ ಹೋಗುವಾಗ ಇಬ್ಬರೂ ಒಂದೊಂದು ಕೂಸು ಎತ್ತಿಕೊಂಡು ನಡೆದರು. ಸಾಬಣ್ಣ ಬೈಗುಳಕ್ಕೆ ಕಾಯುತ್ತಿದ್ದ. ಬೈಗುಳ ಬರಲಿಲ್ಲ. ಅದು ಬರದೆ ಇದ್ದದ್ದೇ ಕಷ್ಟವಾಗಿ ಕೊನೆಗೆ ತಾನೇ ಎಲ್ಲವನ್ನೂ ಹೇಳಿದ. ಮೊದಲ ದಿನ ಮಲಗಿದ್ದು, ಸುಳ್ಳು ಹೇಳಿದ್ದು, ಏಟು ತಿಂದು ನಿದ್ದೆ ಮಾಡಿದ್ದು, ಯಾವುದನ್ನೂ ಬಿಡಲಿಲ್ಲ.

ರೇಣಮ್ಮ ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿದಳು. ಆಮೇಲೆ ಕೇಳಿದಳು.

"ಆ ಮಣ್ಣು ಮೆತ್ತಗ ಇರ್ತದೇನ್ರಿ?"

ಬೇವಿನ ಕೋಲು, ಜಹೀರುನ್ನೀಸಾಳ ಹಿಡಿತ, ನೀರಿಲ್ಲದ ಕ್ಷೌರ, ಎಲ್ಲಕ್ಕಿಂತ ಈ ಮಾತು ಸಾಬಣ್ಣನ ಆಳಕ್ಕೆ ಹೋಯಿತು. ತಾನು ಒಂದು ತಾಸು ಕದಿಯಲು ಹೋಗುವಾಗ ಎರಡು ಕೂಸು ಇವಳ ಮೈಮೇಲೆ ಇದ್ದವು. ಇವಳು ಕೊನೆಯ ಬಾರಿ ಕಣ್ಣು ತುಂಬ ಮಲಗಿದ್ದು ಯಾವಾಗ ಎಂದು ನೆನಪು ಮಾಡಿಕೊಂಡ. ನೆನಪಾಗಲಿಲ್ಲ. ಅವ್ವನ ಮನೆಯ ಬಾಣಂತನ ಕೂಡ ಇವಳಿಗೆ ಸಿಕ್ಕಿರಲಿಲ್ಲ, ಅವ್ವನೇ ಇಲ್ಲಿಗೆ ಬಂದು ಮಾತಾಡುತ್ತ ಕೂತಿದ್ದಳು. ಸಾಬಣ್ಣನಿಗೆ ನಾಚಿಕೆಯಾಯಿತು, ಬಹಳ ದುಃಖವೂ ಆಯಿತು.

ಮರುದಿನ ಸಂಜೆ ಅವನು ತಾಲೀಮಿಗೆ ಹೋಗಿ ವಸ್ತಾದನನ್ನು ಎರಡು ಬುಟ್ಟಿ ಕೆಮ್ಮಣ್ಣು ಕೇಳಿದ. ಹಣಮಪ್ಪನ ಮಣ್ಣು ಹೊಸ್ತಿಲು ದಾಟಿದ ಪದ್ಧತಿ ಇರಲಿಲ್ಲ. ಆದರೆ ಕೇಳಿದವನು ಸಾಬಣ್ಣ.

"ಮನ್ಯಾಗ ಸಾಧನಿ ಹಚ್ಚೋದದ್ರಿ," ಎಂದ.

"ತಗೊಂಡು ಹೋಗಪಾ," ಎಂದ ವಸ್ತಾದ. ದುರಗಪ್ಪ ಬುಟ್ಟಿ ಹೊತ್ತು ತಂದುಕೊಟ್ಟು ತಿರುಗಿ ಹೋದ.

ಸಾಬಣ್ಣ ಕುರಿಮರಿಗಳನ್ನು ಹೊರಗೆ, ಹೊಸದಾಗಿ ಹಾಕಿದ ಜಾಲಿಯ ಬೇಲಿಯೊಳಗೆ ಕಟ್ಟಿದ. ಅವುಗಳ ಮೂಲೆ ಗುಡಿಸಿ ಮಣ್ಣು ಹರಡಿದ, ಮಜ್ಜಿಗೆ ಚಿಮುಕಿಸಿ ಕೈಯಾಡಿಸಿ ಗಂಟು ಒಡೆದ. ಮೇಲೆ ಕಂಬಳಿ ಹಾಸಿದ. ಅತ್ತೆಯನ್ನು ಜಹೀರುನ್ನೀಸಾಳ ಮನೆಗೆ ಮಾತಿಗೆ ಕಳಿಸಿದ. ಆಮೇಲೆ ಎರಡೂ ಕೂಸು ತಾನು ತೆಗೆದುಕೊಂಡು, "ಒಳಗ ಹೋಗು," ಎಂದ.

"ರೊಟ್ಟಿ ಬಡಿಯೋದದ್ರಿ."

"ನಾ ಬಡೀತೀನಿ."

"ನಿಮಗ ಬರಲ್ಲ."

"ಬರಲ್ಲ. ಆದ್ರೂ ಹೋಗು."

ರೇಣಮ್ಮ ಅವನ ಮುಖ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಸಾಬಣ್ಣ ಬಾಗಿಲು ಎಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತ.

ಓಣಿಯವರು ಬಂದು ಕೇಳಿದರು. ರೇಣಮ್ಮನೂ ಸಾಧನೆಗೆ ಕೂತಿದ್ದಾಳೆ, ಸಪ್ಪಳ ಮಾಡಬೇಡಿರಿ ಎಂದು ಹೇಳಿದ. ಹೆಣ್ಣುಮಗಳು ಸಾಧನೆಗೆ ಕೂತದ್ದನ್ನು ರಂಗಂಪೇಟೆ ಕೇಳಿರಲಿಲ್ಲ. ಭಯಕ್ಕೋ ಭಕ್ತಿಗೋ, ಎದುರು ಮನೆಯ ಮಗ್ಗವೂ ನಿಂತಿತು. ದುರಗಪ್ಪ ಏದುಸಿರು ಬಿಡುತ್ತ ಓಡಿ ಬಂದ, ಕೈಯಲ್ಲಿ ಬೇವಿನ ಕೋಲು.

"ಕಾಕಾ, ವಸ್ತಾದ್ರು ಕಳಿಸ್ಯಾರ. ಕಾಕಿಗಿ ಎಷ್ಟು ಜೋರು ಹೊಡೀಬೇಕ್ರಿ?"

"ಅಕಿದು ಏಟಿನ ಪಾಠ ಎಂದೋ ಮುಗದದ," ಎಂದ ಸಾಬಣ್ಣ. "ಆ ಕೋಲು ಒಯ್ದು ಒಲಿಗಿ ಹಾಕು."

ದುರಗಪ್ಪ ಬಾಗಿಲ ಸಂದಿಯಲ್ಲಿ ಒಮ್ಮೆ ಇಣುಕಿದ. "ಕಾಕಾ, ಕಾಕಿ ನಿಮಗಿಂತ ಮುಂದ ಹೋಗ್ಯಾಳ್ರಿ," ಎಂದು ಪಿಸುಗುಟ್ಟಿ, ಕೈ ಮುಗಿದು, ತುದಿಗಾಲಲ್ಲಿ ಹೋದ.

ಓಣಿ ಖಾಲಿಯಾಯಿತು. ಆಗ ಬಲತೊಡೆಯ ಮೇಲಿದ್ದ ಕೂಸು ಸಾಬಣ್ಣನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡಿತು. ಅದಕ್ಕೆ ಆ ವಾರವಷ್ಟೇ ಹಲ್ಲು ಮೂಡಿದ್ದವು. ಕಚ್ಚಿದ ರಭಸಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಬೆರಳು ಕಿತ್ತುಕೊಂಡರೆ ಕೂಸು ಅಳುತ್ತದೆ. ಕೂಸು ಅತ್ತರೆ ಒಳಗಿನವಳು ಏಳುತ್ತಾಳೆ. ಸಾಬಣ್ಣ ಬೆರಳನ್ನು ಅಲ್ಲೇ ಬಿಟ್ಟ. ಮುಚ್ಚಿದ ಬಾಗಿಲಿನ ಮೇಲೆ ಕಣ್ಣಿಟ್ಟು, ಒಳಗಿನಿಂದ ಬರುತ್ತಿದ್ದ ಸಣ್ಣ ಗೊರಕೆಯ ಮೇಲೆ ಮನಸ್ಸಿಟ್ಟು, ಪೂರ್ತಿ ಎಚ್ಚರದಲ್ಲಿ ಕೂತ. ಕೂಸು ಇನ್ನೂ ಜೋರಾಗಿ ಕಚ್ಚಿತು. ಅವನು ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ.

ಜಹೀರುನ್ನೀಸಾ ತನ್ನ ಮನೆಯ ಬಾಗಿಲಿಗೆ ಬಂದು ದನಿ ಇಳಿಸಿ ಕೇಳಿದಳು. "ಇವತ್ತು ನಿಮ್ಮ ಸಾಧನಿಗಿ ರಜಾ ಏನು, ಸಾಬಣ್ಣ ಭಾಯಿ?"

ಸಾಬಣ್ಣ ಹೌದೆಂದು ತಲೆಯಾಡಿಸಿದ. ಬಾಯಿ ತೆರೆದರೆ ಚೀರು ಹೊರಬೀಳುವಂತಿತ್ತು.